ಮೈಕಿನ ವ್ಯಾನು

ತಕ್ಕಡಿ ರಿಪೇರಿ ಮಾಡುವವನು ನಾನು. ಚನ್ನಗಿರಿಯಲ್ಲಿ ಮನೆ, ಬೈಕಿನ ಹಿಂದೆ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ತೂಕದ ಬಟ್ಟುಗಳು, ಸ್ಪ್ರಿಂಗು, ಸಣ್ಣ ಸ್ಕ್ರೂಡ್ರೈವರುಗಳು. ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಹಾಕಿಸುವ ಹೊತ್ತಿಗೆ ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಅಂಗಡಿಯಿಂದ ಅಂಗಡಿಗೆ ಅಲೆಯುತ್ತೇನೆ. ಅಡಿಕೆ ಮಂಡಿಯ ದೊಡ್ಡ ಕಾಟಾದಿಂದ ಹಿಡಿದು ಬಂಗಾರದಂಗಡಿಯ ಪುಟ್ಟ ತಕ್ಕಡಿವರೆಗೆ ನನ್ನ ಕೈ ತಾಗದ್ದು ಈ ಸೀಮೆಯಲ್ಲಿ ಕಮ್ಮಿ. ಮುಳ್ಳು ಕೂದಲೆಳೆಯಷ್ಟು ವಾಲಿದರೂ ನನ್ನ ಕಣ್ಣಿಗೆ ಬೀಳುತ್ತದೆ. ಜಂಬಕ್ಕೆ ಹೇಳುತ್ತಿಲ್ಲ. ಇಂಥ ಕಣ್ಣಿದ್ದವನು ಏನು ಮಾಡಿದ ಅನ್ನುವುದನ್ನು ಹೇಳಬೇಕಾಗಿದೆ, ಅದಕ್ಕೆ.

ಅಂಗಡಿ ಸುತ್ತುವವನಿಗೆ ಅಂಗಡಿಯ ಮೂಲೆಗಳೆಲ್ಲ ಪರಿಚಯ. ಕೆಲವು ವರ್ಷಗಳ ಹಿಂದೆ ಫ್ಯಾನ್ಸಿ ಸ್ಟೋರುಗಳಲ್ಲಿ 'ಸಿನಿಮಾ ಗಾಡಿ' ಅಂತ ಆಟಿಕೆಗಳು ಬಂದವು. ಬೆರಳುದ್ದದ ಲೋಹದ ಗಾಡಿ, ಅದರ ಹಿಂದೊಂದು ರಟ್ಟು, ರಟ್ಟಿನ ಮೇಲೆ ಆ ಗಾಡಿ ಓಡಿದ ಕನ್ನಡ ಸಿನಿಮಾದ ಚಿತ್ರ, ಮುಂದೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಳ. ನಾಯಕನ ಕೆಂಪು ಜೀಪು, ಖಳನಾಯಕನ ಉದ್ದನೆಯ ಕಪ್ಪು ಕಾರು, ಕಬ್ಬಿನ ಟ್ರ್ಯಾಕ್ಟರು, ಹಾಲಿನ ಟೆಂಪೊ, ಬಸ್ಸು, ಹೀಗೆ ಹನ್ನೆರಡು. ಒಂದೂವರೆ ವರ್ಷ ಬಂದಿರಬೇಕು, ಅಷ್ಟೇ. ಹುಡುಗರಿಗೆ ಮೊಬೈಲು ಸಿಕ್ಕಿತ್ತು, ಗಾಡಿ ಯಾರಿಗೆ ಬೇಕು? ಮಾಡುವವರು ನಿಲ್ಲಿಸಿಬಿಟ್ಟರು. ಹುಡುಗರು ಬಿಟ್ಟಿದ್ದನ್ನು ನಾನು ಹಿಡಿದುಕೊಂಡೆ. ಮುಚ್ಚಳ ಬಿಚ್ಚದೆ, ಧೂಳು ಕೂರದಂತೆ ಗಾಜಿನ ಬೀರುವಿನಲ್ಲಿ ಸಾಲಾಗಿ ಇಡುತ್ತಿದ್ದೆ.

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿಮಗೆ ಐವತ್ತಕ್ಕೇ ಬಂದೈತಲ್ರೀ" ಅಂದಳು ನನ್ನ ಹೆಂಡತಿ. ಬಿಚ್ಚದೆ ಇಟ್ಟರೆ ಬೆಲೆ, ಬಿಚ್ಚಿದರೆ ತಗಡು ಅಂತ ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಾನು ವೇದವಾಕ್ಯ ಮಾಡಿಕೊಂಡಿದ್ದೆ.

ಇದೇ ಹುಚ್ಚಿನ ಗೆಳೆಯನೊಬ್ಬ ಸಿಕ್ಕಿದ್ದು ಸವಳಂಗದ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ. ನಾನು ನೆಲದ ಮೇಲೆ ಕೂತು ತಕ್ಕಡಿ ಬಿಚ್ಚಿದ್ದೆ, ಕೆಲಸ ಮುಗಿದ ಮೇಲೆ ಕೇಳೋಣ ಅಂತ ಒಂದು ಕಣ್ಣು ಕಪಾಟಿನ ಹಾಲಿನ ಟೆಂಪೊ ಮೇಲಿತ್ತು. ಅಷ್ಟರಲ್ಲಿ ನನ್ನದೇ ವಯಸ್ಸಿನವನೊಬ್ಬ ಬಂದು ಸೀದಾ ಅದನ್ನೇ ಇಳಿಸಿಕೊಂಡ. ಅಲ್ಲೇ ಹಲ್ಲಿನಿಂದ ಪ್ಲಾಸ್ಟಿಕ್ ಕಚ್ಚಿ ಬಿಚ್ಚಿ, ಗಾಡಿಯನ್ನು ಕೌಂಟರಿನ ಮೇಲೆ ಓಡಿಸಿದ. ನನ್ನ ಜೀವ ಹೋದಂತಾಯಿತು.

"ಏನ್ರೀ ಮಾಡಿದ್ರಿ, ಹಾಳು ಮಾಡಿಬಿಟ್ರಲ್ಲ!" ಅಂದೆ.

"ಓಡೋ ಗಾಡಿ ಓಡಿಸದೆ ಮತ್ತೇನ್ ಮಾಡಾಕೆ ಐತ್ರಿ?" ಅಂದ ಅವನು. ಜಗಳವಾಗಿ ಶುರುವಾದದ್ದು ಚಹಾ ಮುಗಿಯುವಷ್ಟರಲ್ಲಿ ಸ್ನೇಹವಾಗಿತ್ತು. ಅವನ ಹತ್ತಿರ ಆಗಲೇ ಏಳು ಗಾಡಿ ಇದ್ದವು, ನನ್ನ ಹತ್ತಿರ ಎಂಟು.

ಅವನು ನ್ಯಾಮತಿಯ ಟಾಕೀಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೊಜೆಕ್ಟರ್ ನಡೆಸಿ ಸಿನಿಮಾ ತೋರಿಸಿದವನು. ಟಾಕೀಸು ಮುಚ್ಚಿ ಮೆಕ್ಕೆಜೋಳದ ಗೋಡೌನ್ ಆಯಿತು, ಅವನು ಅದೇ ಗೋಡೌನಿನ ಕಾವಲುಗಾರನಾದ. ತೆರೆ ಇದ್ದ ಗೋಡೆಗೆ ಚೀಲಗಳನ್ನು ಒಟ್ಟಿದ್ದರು. ಯಾವ ಗಾಡಿ ತೋರಿಸಿದರೂ ಅದು ಯಾವ ಸಿನಿಮಾದ ಎಷ್ಟನೇ ರೀಲಿನಲ್ಲಿ ಬರುತ್ತದೆ, ಯಾವ ತಿರುವಿನಲ್ಲಿ ಮಗುಚುತ್ತದೆ, ಆಗ ಜನ ಎಷ್ಟು ಸಿಳ್ಳೆ ಹೊಡೆದರು ಅಂತ ಹೇಳುತ್ತಿದ್ದ. ನಾನು ರಟ್ಟು ನೋಡುತ್ತಿದ್ದೆ, ಅವನು ಸಿನಿಮಾ ನೋಡುತ್ತಿದ್ದ.

ಅವನ ಮನೆಯಲ್ಲಿ ಗಾಡಿಗಳಿಗೆ ಬೀರು ಇರಲಿಲ್ಲ. ಹೆಂಡತಿಯ ಹೊಲಿಗೆ ಮಿಷನ್ ಪಕ್ಕದ ಹಲಗೆಯೇ ಗಾಡಿಗಳ ಜಾಗ. ಬಟ್ಟೆ ಹೊಲಿಸಲು ಬಂದವರ ಮಕ್ಕಳೆಲ್ಲ ಅವನ್ನು ನೆಲದ ಮೇಲೆ ಓಡಿಸುತ್ತಿದ್ದರು. ಒಂದು ಆಯುಧಪೂಜೆಗೆ ಹೋದೆ. ಎಲ್ಲ ಗಾಡಿಗಳನ್ನೂ ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ಒಂದೊಂದರ ಚಕ್ರದ ಕೆಳಗೂ ಗೋಲಿಯಷ್ಟು ನಿಂಬೆಹೋಳು ಇಟ್ಟಿದ್ದ. "ಬಣ್ಣ ಹೋಗುತ್ತೆ ಮಾರಾಯ, ನಿಂಬೆಹುಳಿ ತಿಂದುಬಿಡುತ್ತೆ" ಅಂತ ರೇಗಿದೆ. "ಮನ್ಯಾಗೆ ಬೇರೆ ಗಾಡಿ ಎಲ್ಲೈತಪ್ಪ? ಇವಕ್ಕೇ ಮಾಡಬೇಕು" ಅಂದ. ಹೋಳಿಗೆ ತಿಂದು ವಾಪಸ್ ಬರುವಾಗ, ಇಂಥವನ ಕೈಗೆ ಒಳ್ಳೆಯ ಸಾಮಾನು ಸಿಗಬಾರದು ಅಂತ ಅಂದುಕೊಂಡದ್ದು ಚೆನ್ನಾಗಿ ನೆನಪಿದೆ.

ಕಡೆಕಡೆಗೆ ಇಬ್ಬರ ಹತ್ತಿರವೂ ಹನ್ನೊಂದು ಆದವು. ಹನ್ನೆರಡನೆಯದು ಮೈಕಿನ ವ್ಯಾನು. ನೀಲಿ ಮೈ, ತಲೆಯ ಮೇಲೆ ಎರಡು ಹಾರ್ನು, ಪಕ್ಕಕ್ಕೆ ಪೋಸ್ಟರು. ಸಿನಿಮಾ ಬಂತು ಅಂತ ಊರೂರಿಗೆ ಕೂಗಿ ಹೇಳುವ ವ್ಯಾನಿನವನ ಕಥೆ ಆ ಸಿನಿಮಾದ್ದು, ಅದು ಓಡಲಿಲ್ಲ. ಗಾಡಿಯನ್ನೂ ಹೆಚ್ಚು ಮಾಡಲಿಲ್ಲ. ಅವನಿಗೆ ಮಾತ್ರ ಉಳಿದ ಹನ್ನೊಂದಕ್ಕಿಂತ ಅದೊಂದು ಮುಖ್ಯ. ಹುಡುಗನಾಗಿದ್ದಾಗ ಅವನು ಅಂಥದೇ ವ್ಯಾನಿನಲ್ಲಿ ಕೂತು ಸವಳಂಗ, ಸೂರಗೊಂಡನಕೊಪ್ಪದ ಕಡೆಗೆಲ್ಲ ಕೂಗುತ್ತ, ಕರಪತ್ರ ಎಸೆಯುತ್ತ ಹೋದವನು. ಮೇಲಾಗಿ ಅವನ ಟಾಕೀಸಿನಲ್ಲಿ ಕೊನೆಯದಾಗಿ ಓಡಿದ್ದೂ ಅದೇ ಸಿನಿಮಾ. ಮೂರೇ ದಿನ. ಕೊನೆಯ ಆಟ ಮುಗಿಸಿ ದೀಪ ಹಾಕಿದಾಗ ಎದ್ದು ಹೋಗಲು ಕೆಳಗೆ ಒಬ್ಬರೂ ಇರಲಿಲ್ಲವಂತೆ.

"ಅದೊಂದು ಸಿಕ್ರೆ ನನ್ನ ಟಾಕೀಸು ಮುಚ್ಚಿಲ್ಲ ಅಂದ್ಕೊತೀನಿ ಕಣೋ" ಅಂದಿದ್ದ.

ಆ ವ್ಯಾನು ನನಗೆ ಸಿಕ್ಕಿತು. ಜಗಳೂರಿನ ಒಂದು ಅಂಗಡಿಯಲ್ಲಿ, ಬಳೆಯ ಡಬ್ಬಗಳ ಹಿಂದೆ, ರಟ್ಟು ಬಿಸಿಲಿಗೆ ಮಾಸಿದ್ದು ಬಿಟ್ಟರೆ ಒಂದು ಗೀರೂ ಇಲ್ಲದೆ. ಒಂದೇ ಒಂದು. ಪೆಟ್ಟಿಗೆಯಲ್ಲಿ ಬಟ್ಟುಗಳ ಮೇಲೆ ಬಟ್ಟೆ ಹಾಸಿ ಅದನ್ನಿಟ್ಟುಕೊಂಡು ಬಂದೆ. ದಾರಿಯಲ್ಲಿ ನ್ಯಾಮತಿಗೆ ಫೋನು ಮಾಡಬೇಕು ಅನ್ನಿಸಿತು. ಮಾಡಲಿಲ್ಲ. ಕೊಟ್ಟರೆ ಹಲ್ಲಿನಿಂದ ಕಚ್ಚುತ್ತಾನೆ, ಮಕ್ಕಳ ಕೈಗೆ ಕೊಡುತ್ತಾನೆ. ಹೀಗೆ ನನಗೆ ನಾನೇ ನ್ಯಾಯ ಹೇಳಿಕೊಂಡೆ. ನಿಜ ಅಷ್ಟೇ ಅಲ್ಲ. ಹನ್ನೆರಡೂ ಇರುವವನು ನಾನೊಬ್ಬನೇ ಆಗಬೇಕಿತ್ತು. ಬೀರುವಿನಲ್ಲಿ ಅದನ್ನು ಬಸ್ಸಿನ ಹಿಂದೆ ಮರೆಮಾಡಿ ಇಟ್ಟೆ, ಅವನೇನಾದರೂ ಮನೆಗೆ ಬಂದರೆ ಕಾಣಬಾರದು ಅಂತ.

ಅದಾದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಅವನು ಕೇಳುತ್ತಲೇ ಇದ್ದ. "ಜಗಳೂರಿಗೆ ಹೋಗಿದ್ಯಂತೆ, ಸಿಕ್ತೇನೋ?" "ಇಲ್ಲ ಮಾರಾಯ." "ನಿನಗೂ ಇಲ್ಲ, ನನಗೂ ಇಲ್ಲ. ಇರ್ಲಿ ಬಿಡು, ಹುಡುಕಾಣ." ಮೊದಲನೆಯ ಸಲ ಸುಳ್ಳು ಹೇಳುವಾಗ ನಾಲಿಗೆ ತಡವರಿಸಿತ್ತು. ಆಮೇಲಾಮೇಲೆ ಸಲೀಸಾಯಿತು.

ಒಂದು ಬೆಳಗ್ಗೆ ಗೋಡೌನಿನ ಬೀಗ ತೆಗೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆ ಮುಟ್ಟಲಿಲ್ಲ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಲು ಎಲ್ಲ ತಯಾರಾಗಿತ್ತು. ಹಿಡಿ ಮಣ್ಣು ಹಾಕಿ ಬಂದೆ.

ಮೂರನೆಯ ದಿನ ಸಮಾಧಿಯ ಮೇಲೆ ಎಡೆ ಇಟ್ಟರು. ಅವರ ಮನೆಗಳಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ದೂರ ಸರಿದು, ಕಾಗೆ ಬಂದು ಮುಟ್ಟುವವರೆಗೆ ಕಾಯುತ್ತಾರೆ. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಲೆಕ್ಕ. ಮುದ್ದೆ, ಕೋಳಿಸಾರು, ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ, ಒಂದು ಲೋಟ ಚಹಾ. ಎದುರಿನ ಜಾಲಿಮರದಲ್ಲಿ ಕಾಗೆ ಕೂತಿತ್ತು, ಇಳಿಯಲಿಲ್ಲ. ಬಿಸಿಲು ಏರಿತು. ಅವನ ಅಣ್ಣ ಮುಂದೆ ಹೋಗಿ ಕೈಮುಗಿದು, "ನಿನ್ನ ಹೆಂಡ್ತಿ ಕೈ ಬಿಡಲ್ಲ ಕಣಪ್ಪ, ತಿನ್ನು" ಅಂದ. ಕಾಗೆ ಕದಲಲಿಲ್ಲ. ಯಾರೋ ಮನೆಯ ಚಾವಣಿ ಹಾಕಿಸುತ್ತೇವೆ ಅಂದರು, ಯಾರೋ ಮನೆದೇವರಿಗೆ ಹೋಗುತ್ತೇವೆ ಅಂದರು. ಕದಲಲಿಲ್ಲ.

ಆಗ ಅವನ ಹೆಂಡತಿ ಎದ್ದರು. "ಆ ಮೈಕಿನ ವ್ಯಾನು ಸಿಗಲಿಲ್ಲ ಅಂತ ಕೊರಗೋರು. ಅದೇ ಇರಬೇಕು" ಅಂದವರು ಸೀದಾ ನನ್ನ ಕಡೆ ತಿರುಗಿದರು. "ನೀವು ಹೇಳ್ರಿ. ನಿಮ್ಮ ಮಾತು ಅಂದ್ರೆ ಅವ್ರಿಗೆ ನಂಬಿಕೆ."

ಜನರೆಲ್ಲ ದಾರಿ ಬಿಟ್ಟರು. ಹತ್ತು ಹೆಜ್ಜೆ ನಡೆದು ಸಮಾಧಿಯ ಮುಂದೆ ನಿಂತೆ. ವ್ಯಾನು ನನ್ನ ಹತ್ತಿರವೇ ಇದೆ ಅಂತ ಅಲ್ಲೇ, ಅಷ್ಟೂ ಜನರ ಮುಂದೆ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಹುಡುಕಿ ಕೊಡ್ತೀನಿ ಕಣಯ್ಯಾ. ಎಲ್ಲಿದ್ರೂ ಹುಡುಕಿ ಕೊಡ್ತೀನಿ" ಅಂದೆ.

ಹಿಂದೆ ಸರಿದು ಇನ್ನೂ ನಿಂತಿರಲಿಲ್ಲ, ಕಾಗೆ ಇಳಿದು ಬೋಂಡಕ್ಕೆ ಬಾಯಿ ಹಾಕಿತು. ಹೆಂಗಸರು ಗೊಳೋ ಅಂತ ಅತ್ತರು, ಗಂಡಸರು ನಿಟ್ಟುಸಿರು ಬಿಟ್ಟರು. ಅವನ ಅಣ್ಣ ನನ್ನ ಕೈ ಹಿಡಿದುಕೊಂಡ. ಕಾಗೆಗೆ ಹಸಿವಾಗಿತ್ತು, ನಾವು ದೂರ ಸರಿದಿದ್ದೆವು, ಇಳಿಯಿತು ಅಂತ ಬೇಕಾದರೆ ಹೇಳಬಹುದು. ಅವತ್ತು ನನಗೆ ಹಾಗೆ ಅನ್ನಿಸಲಿಲ್ಲ. ಬದುಕಿದ್ದಾಗ ನನ್ನ ಸುಳ್ಳು ನಂಬುತ್ತಿದ್ದವನು ಸತ್ತ ಮೇಲೂ ನಂಬಿದ ಅಂತ ಅನ್ನಿಸಿತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹುಷಾರಿಲ್ಲ ಅಂತ ನೆಪ ಹೇಳಿದೆ. ತಿಂಗಳು ಕಳೆದ ಮೇಲೆ ಒಂದು ಭಾನುವಾರ ವ್ಯಾನನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ನ್ಯಾಮತಿಗೆ ಹೋದೆ. ಹೋದ ವಾರ ಜಗಳೂರಿನಲ್ಲಿ ಸಿಕ್ಕಿತು ಅಂತ ಹೇಳುವುದು, ಕೊಡುವುದು, ಬರುವುದು. ಅರ್ಧ ನಿಜವೇ ತಾನೆ, ಜಗಳೂರಂತೂ ಸುಳ್ಳಲ್ಲ ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ.

ವ್ಯಾನು ನೋಡಿದ್ದೇ ತಡ, ಆಕೆ ಮಿಷನ್ ಬಿಟ್ಟು ಎದ್ದು ಬಂದರು. ಎರಡೂ ಕೈಯಲ್ಲಿ ಹಿಡಿದು ಸೆರಗಿನಿಂದ ಒರೆಸಿದರು. "ಎಷ್ಟು ಅಲೆದ್ರೋ ಏನೋ ಪಾಪ. ಈ ಕಾಲದಾಗೆ ಸತ್ತೋರಿಗೆ ಕೊಟ್ಟ ಮಾತು ಯಾರು ಉಳಿಸ್ತಾರ್ರಿ?" ಅನ್ನುತ್ತ, ಪಕ್ಕದ ಮನೆಯವರನ್ನು ಕೂಗಿ ಕರೆಯಲು ಬಾಗಿಲಿಗೆ ಹೋದರು. ಅವರು ಬಂದು ನನ್ನನ್ನು ಹೊಗಳುವುದನ್ನು ನೆನೆಸಿಕೊಂಡೆ. ತಡೆಯಲಾಗಲಿಲ್ಲ.

"ಅಲೆದಿಲ್ಲಮ್ಮ. ಇದು ನನ್ನ ಹತ್ರ ಒಂದು ವರ್ಷದ ಮೇಲಿಂದ ಇತ್ತು. ಅವನು ಕೇಳಿದಾಗೆಲ್ಲ ಇಲ್ಲ ಅಂದೆ" ಅಂದೆ.

ಆಕೆ ಬಾಗಿಲಲ್ಲೇ ನಿಂತರು. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಬಂದು ವ್ಯಾನನ್ನು ಮೊದಲಿದ್ದ ಹಾಗೆಯೇ ಪೇಪರಿನಲ್ಲಿ ಸುತ್ತಿ ನನ್ನ ಚೀಲದೊಳಗೆ ಇಟ್ಟರು.

"ಇದು ಬ್ಯಾಡ ರೀ."

"ಅವನಿಗೆ ಬೇಕಿದ್ದದ್ದಲ್ವಾ ಅಮ್ಮ, ಇಟ್ಕೊಳ್ರಿ."

"ಹುಡುಕಿ ಕೊಡ್ತೀನಿ ಅಂದ್ರಿ ನೀವು. ಕಾಗೆ ಆ ಮಾತಿಗೆ ಕೂಳು ಮುಟ್ಟೈತೆ. ಬೀರುವಿನಾಗಿಂದ ತಂದುಕೊಟ್ರೆ ಮಾತು ಹೆಂಗೆ ತೀರುತ್ತೆ? ಹುಡುಕೇ ಕೊಡ್ರಿ."

"ಈಗ ಅದು ಬರಲ್ಲಮ್ಮ. ಮಾಡೋರೇ ನಿಲ್ಸಿದಾರೆ. ಎಲ್ಲೂ ಸಿಗಲ್ಲ."

"ಅವ್ರಿಗೂ ಗೊತ್ತಿತ್ತಲ್ರಿ ಅದು. ಆದ್ರೂ ಹುಡುಕ್ತಿದ್ರು" ಅಂದರು. ಅಷ್ಟು ಹೇಳಿ ಚಹಾಕ್ಕೆ ಇಟ್ಟರು. ಕುಡಿಯದೆ ಏಳಲು ಬಿಡಲಿಲ್ಲ.

ಅವತ್ತಿನಿಂದ ಹುಡುಕುತ್ತಿದ್ದೇನೆ. ಹನ್ನೆರಡೂ ಬೀರುವಿನಲ್ಲಿ ಸಾಲಾಗಿ ಕೂತಿವೆ, ಆ ಕಡೆ ನೋಡಲು ಮನಸ್ಸಾಗುವುದಿಲ್ಲ. ತಕ್ಕಡಿ ಕೆಲಸ ಇರಲಿ ಬಿಡಲಿ, ಭಾನುವಾರ ಬಂದರೆ ಬೈಕು ಹತ್ತುತ್ತೇನೆ. ಸೂರಗೊಂಡನಕೊಪ್ಪಕ್ಕೆ ಯಾತ್ರಿಕರು ಬರುವ ದಿನಗಳಲ್ಲಿ ಸಾಲಂಗಡಿಗಳನ್ನೆಲ್ಲ ನೋಡಿದೆ. ಉಬ್ರಾಣಿ ಕಡೆಯ ಸಣ್ಣ ಅಂಗಡಿಗಳಲ್ಲಿ ಅಟ್ಟದ ಡಬ್ಬಗಳನ್ನು ಇಳಿಸಿ ನೋಡಿದೆ. ನಗುವವರು ನಗುತ್ತಾರೆ. ಹುಡುಕುವುದು ಅಂದರೆ ಎಷ್ಟು ಜನರ ಮುಂದೆ ಸಣ್ಣವನಾಗುವುದು ಅಂತ ಈಗ ತಿಳಿಯಿತು. ಮೊದಲು ನಾನು ಹುಡುಕಿಯೇ ಇರಲಿಲ್ಲ, ಕೆಲಸಕ್ಕೆ ಹೋದಲ್ಲಿ ಕಂಡದ್ದನ್ನು ಎತ್ತಿಕೊಂಡವನು, ಅಷ್ಟೇ.

ಮೊನ್ನೆ ಹೊನ್ನಾಳಿಯಲ್ಲಿ, ಹೊಳೆ ಕಡೆಗೆ ಹೋಗುವ ಓಣಿಯೊಂದರಲ್ಲಿ, ನಾನು ಯಾವತ್ತೂ ಕಾಲಿಡದ ಒಂದು ಅಂಗಡಿಗೆ ಹೋದೆ. ತಕ್ಕಡಿಯೇ ಇಲ್ಲದ ಅಂಗಡಿ. ವಯಸ್ಸಾದ ಹೆಂಗಸೊಬ್ಬರು ರಿಬ್ಬನ್ನು, ಪಿನ್ನು ಇಟ್ಟುಕೊಂಡು ಕೂತಿದ್ದರು. ಮೈಕಿನ ವ್ಯಾನು ಅಂದ ಕೂಡಲೇ ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ನೋಡಿದರು.

"ನೀವೂ ಅದಕ್ಕೇ ಬಂದ್ರಾ? ನ್ಯಾಮತಿ ಕಡೆಯೋರು ಒಬ್ರು ತಿಂಗಳಿಗೊಂದು ಸಲ ಬಸ್ಸಿಗೆ ಬರೋರು ಅದನ್ನ ಕೇಳಾಕೆ. ಈಗ ಬರೋದೇ ಬಿಟ್ಟಾರೆ. ಬಂದಾಗೆಲ್ಲ ಎರಡು ಬೇಕು ಅನ್ನೋರು."

"ಎರಡಾ?"

"ಹೂಂ ರೀ. ಒಂದು ನನಗೆ, ಒಂದು ನನ್ನ ದೋಸ್ತಿಗೆ, ಪಾಪ ಅವ್ನಿಗೂ ಇಲ್ಲ ಅನ್ನೋರು. ಸಿಕ್ವಾ ಅವ್ರಿಗೆ?"

"ಇಲ್ಲ" ಅಂದೆ.

"ಹಳೇ ಮಾಲಿಂದು ಇನ್ನೊಂದು ಡಬ್ಬ ಮೊನ್ನೆ ಕಣ್ಣಿಗೆ ಬಿತ್ತು, ಮೇಲೈತೆ, ನೋಡ್ತೀನಿ ತಡೀರಿ" ಅನ್ನುತ್ತ ಸ್ಟೂಲು ಎಳೆದುಕೊಂಡರು. ಒಂದು ಕಾಲು ಮೇಲಿಟ್ಟು, ತಿರುಗಿ ಕೇಳಿದರು: "ನಿಮಗೆ ಎಷ್ಟು ಬೇಕಿತ್ರಿ?"

"ಒಂದು. ಅವನಿಗೆ" ಅಂದೆ. ಸ್ಟೂಲಿನ ಒಂದು ಕಾಲು ಕುಂಟುತ್ತಿತ್ತು. ಆಕೆ ಬೀಳದ ಹಾಗೆ ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದು ನಿಂತೆ, ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.