ಶಾಲೆಗೆ ಒಯ್ದ ಅಕ್ಕಿ

ಬೈಟನ್‌ವೆಲ್ಡರ್ಟ್, ವಿಜಯದಶಮಿ

ಕೊರೋನಾದಿಂದಾಗಿ ಎರಡು ವರ್ಷ ಫೋನಿನಲ್ಲಷ್ಟೇ ನೋಡಿದ್ದ ಮೊಮ್ಮಗಳು ಈಶಾಳ ಕೈ ಹಿಡಿದು, ಉದುರಿದ ಹಳದಿ ಎಲೆಗಳನ್ನು ತುಳಿಯುತ್ತ ಇಂದು ಅವಳ ಶಾಲೆಗೆ ನಡೆದೆ. ಈ ಡಚ್ಚರ ನಾಡಿನಲ್ಲಿ ಮಗುವಿಗೆ ನಾಲ್ಕು ತುಂಬಿದ ಮರುದಿನವೇ ಶಾಲೆ ಶುರುವಂತೆ. ಈಶಾಳಿಗೆ ಆ ದಿನ ವಿಜಯದಶಮಿಗೇ ಬಂದಿತ್ತು. ಅಕ್ಷರಾಭ್ಯಾಸಕ್ಕೆ ಇನ್ನೆಂಥ ಮುಹೂರ್ತ ಬೇಕು? ಮಗಳು ಸುಧಾ ಬೇಡವೆಂದರೂ ಕೇಳದೆ, ಒಂದು ಡಬ್ಬಿ ಅಕ್ಕಿ ಮತ್ತು ಸ್ಟೀಲ್ ತಟ್ಟೆ ಹಿಡಿದು ಹೊರಟಿದ್ದೆ.

ದೊಡ್ಡವರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಗೇಟಿನ ತನಕ ಬಂದ ಟೀಚರ್ ತಟ್ಟೆ ನೋಡಿ ಏನೆಂದು ವಿಚಾರಿಸಿದರು. ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುವುದು ಗುರುವಿನ ಕೆಲಸವೆಂದು ಜೊತೆಗೆ ಬಂದಿದ್ದ ಸುಧಾ ಡಚ್ಚಿನಲ್ಲಿ ವಿವರಿಸಿದಳು. ಅವರ ಉತ್ತರವನ್ನು ನನಗೆ ಹೇಳಿದಳು.

"ಇಲ್ಲಿ ಆರು ವರ್ಷದ ತನಕ ಅಕ್ಷರ ಕಲಿಸಲ್ವಂತಮ್ಮ, ಬರೀ ಆಟ. ಆದ್ರೆ ಮಕ್ಕಳು ಮರಳಲ್ಲಿ ಗೀಚ್ತಾರಂತೆ, ಅಕ್ಕೀನೂ ಆಗತ್ತೆ ಅಂತಿದಾರೆ."

ಟೀಚರ್ ಗೇಟಿನಾಚೆ ಕುಕ್ಕರಗಾಲಲ್ಲಿ ಕೂತರು. ನಾನು ಚೀಟಿಯಲ್ಲಿ ಬರೆದುಕೊಟ್ಟ 'ಓಂ' ನೋಡಿಕೊಂಡು, ಈಶಾಳ ಬೆರಳು ಹಿಡಿದು ನಿಧಾನವಾಗಿ ಅಕ್ಕಿಯಲ್ಲಿ ಬರೆಸಿದರು. ಆಮೇಲೆ ತಟ್ಟೆಯನ್ನೂ ಒಳಗೊಯ್ದರು.

ಮಧ್ಯಾಹ್ನ ಈಶಾಳ ಜೊತೆ ಅಕ್ಕಿಯೂ ಮನೆಗೆ ಬಂತು. ಇಡೀ ತರಗತಿ ಅದರಲ್ಲಿ ಬರೆದಿತ್ತಂತೆ.

"ಅಮ್ಮ, ಅಷ್ಟು ಮಕ್ಕಳ ಕೈ ಬಿದ್ದಿದೆ, ಕೊರೋನಾ ಬೇರೆ. ಚೆಲ್ಲಿಬಿಡು," ಎಂದಳು ಸುಧಾ.

"ಕುದಿಯೋ ಹಾಲಲ್ಲಿ ಯಾವ ಕೊರೋನಾ ಉಳಿಯತ್ತೆ?" ಎಂದು ನಾಲ್ಕು ನೀರಲ್ಲಿ ತೊಳೆದು ಪಾಯಸಕ್ಕಿಟ್ಟೆ.

ಟೀಚರಿಗೆ ಇನ್ನೂ ಗೊತ್ತಿಲ್ಲ, ಮೊದಲ ಬಟ್ಟಲು ಅವರದು.