ಅವ್ವನ ಎಡದವಡೆ

ನಂಜನಗೂಡಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ತೆಗೆಯುವುದು ನನ್ನ ಕೆಲಸ. ನಮ್ಮದು ಕೋನ್ ಬೀಮ್ ಮಿಷನ್ನು. ಗದ್ದ ಊರಿ ನಿಂತರೆ ಸಾಕು, ಅದರ ತೋಳು ತಲೆಯ ಸುತ್ತ ಒಂದು ಸುತ್ತು ಬರುತ್ತದೆ. ಹಲ್ಲಿನ ಬೇರು, ದವಡೆಯ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಾಣುತ್ತದೆ. ಗಲ್ಲ, ನಾಲಿಗೆ, ಒಸಡು ಮಾತ್ರ ಎಲ್ಲವೂ ಒಂದೇ ಬೂದಿ ಬಣ್ಣ. ಮಾಂಸ ನೋಡಬೇಕಾದರೆ ದೊಡ್ಡಾಸ್ಪತ್ರೆಯ ಸಿ.ಟಿ.ಗೇ ಹೋಗಬೇಕು. ಬಂದವರಿಗೆಲ್ಲ ಇದನ್ನು ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದವಳು ನಾನೇ.

ಅವ್ವ ಟಿ. ನರಸೀಪುರದ ಕಡೆಯ ನಮ್ಮೂರಿನಿಂದ ಬಸ್ಸು ಹತ್ತಿ ಬಂದದ್ದು ಎಡಗಡೆಯ ಕೆಳಹಲ್ಲು ಅಲ್ಲಾಡುತ್ತದೆ ಎಂದು. ಅವಳು ಕಡ್ಡಿಪುಡಿ ಒತ್ತರಿಸುವ ಪಕ್ಕವೇ ಅದು. ಎಲೆ, ಅಡಿಕೆ, ಸುಣ್ಣದ ಜೊತೆ ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ ಒಸಡಿನ ಸಂದಿಗೆ ಸೇರದಿದ್ದರೆ ಅವಳಿಗೆ ನಾಟಿಗದ್ದೆಗೆ ಇಳಿಯಲು ಕಾಲೇ ಬರುತ್ತಿರಲಿಲ್ಲ. ಅಲ್ಲೊಂದು ಹುಣ್ಣೂ ಆಗಿದೆ ಅಂದಳು.

"ಉಷ್ಣದ್ದು ಕಣವ್ವ, ಬೆಣ್ಣೆ ಅಚ್ಕೊಂಡಿವ್ನಿ. ನೀನು ಅಲ್ಲು ನೋಡು."

ಡಾಕ್ಟರು ಅಂದು ಊರಿನಲ್ಲಿರಲಿಲ್ಲ. ಕಾಯಿಸುವುದೇಕೆಂದು ಅವ್ವನನ್ನು ನಾನೇ ಮಿಷನ್ನಿಗೆ ನಿಲ್ಲಿಸಿದೆ. ಬಾಯಿ ತೆರೆ ಎಂದು ಹೇಳಲಿಲ್ಲ. ಕರೆಗಟ್ಟಿದ ಹಲ್ಲನ್ನು ಮಗಳಿಗೆ ತೋರಿಸಲು ನಾಚಿ ಅವಳು ಸೆರಗು ಅಡ್ಡ ಹಿಡಿದಿದ್ದಳು. ನನಗೂ ಆ ಬಾಯಿವಾಸನೆ ಬೇಡವಾಗಿತ್ತು. ಚಿತ್ರದಲ್ಲಿ ಹಲ್ಲಿನ ಸುತ್ತ ಮೂಳೆ ವಯಸ್ಸಿಗೆ ತಕ್ಕಷ್ಟು ಸವೆದಿತ್ತು, ಉಳಿದದ್ದೆಲ್ಲ ಚೊಕ್ಕಟ. "ಏನೂ ಇಲ್ಲ ಕಣವ್ವ" ಅಂದೆ.

ಅಷ್ಟೇ ಸಾಕಾಯಿತು. "ನನ್ ಮಗ್ಳು ಮಿಷನ್ಗಾಕಿ ನೋಡವ್ಳೆ, ಏನೂ ಇಲ್ವಂತೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಹುಣ್ಣಿಗೆ ಹೆದರಿ ಎರಡು ವಾರದಿಂದ ಕಡ್ಡಿಪುಡಿ ಬಿಟ್ಟಿದ್ದಳಂತೆ. ನನ್ನ ಮಾತು ಕೇಳಿ ಮತ್ತೆ ಶುರುಮಾಡಿದಳು. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ನಾಲ್ಕು ತಿಂಗಳಿಗೆ ಗಲ್ಲ ಊದಿತು. ಈ ಸಲ ಡಾಕ್ಟರೇ ನೋಡಿದರು. ಮಿಷನ್ನಿನ ಕಡೆ ತಿರುಗಲೂ ಇಲ್ಲ. ಟಾರ್ಚ್ ಬಿಟ್ಟು, ಬೆರಳು ಹಾಕಿ, ಹುಣ್ಣಿನ ಅಂಚು ಗಟ್ಟಿಯಾಗಿದೆ ಎಂದು ಮೈಸೂರಿಗೆ ಚೀಟಿ ಬರೆದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನಾನು ಕನ್ನಡಿ ಹಿಡಿದಿದ್ದೆ, ಅದೂ ಹುಣ್ಣೇ ಕಾಣದ ಕನ್ನಡಿ.

ಮೈಸೂರಿನಲ್ಲಿ ಚೂರು ಮಾಂಸ ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಅಂದರು. ಅದು ಮೂಳೆಗೆ ಇಳಿದಿದ್ದರೆ ದವಡೆಯನ್ನೇ ಕತ್ತರಿಸಬೇಕು, ಅದನ್ನು ತಿಳಿಯಲು ಸಿ.ಟಿ. ಅವ್ವನನ್ನು ಮಲಗಿಸಿ, ಕೈನರಕ್ಕೆ ಔಷಧಿ ಹತ್ತಿಸಿ, ದೊಡ್ಡ ಬಳೆಯಂಥ ಮಿಷನ್ನಿನೊಳಗೆ ಜಾರಿಸಿದರು. ಗಲ್ಲ ಒಸಡಿಗೆ ಅಂಟಿಕೊಂಡಿದ್ದರೆ ಹುಣ್ಣು ಯಾವುದರದ್ದೆಂದು ತಿಳಿಯುವುದಿಲ್ಲ. ಅದಕ್ಕೇ ಅಲ್ಲಿಯ ಟೆಕ್ನಿಷಿಯನ್ "ಗಲ್ಲ ಉಬ್ಬಿಸಮ್ಮ" ಅಂದ. ಊದುಕೊಳವೆ ಹಿಡಿದು ಹಸಿಸೌದೆಯನ್ನೂ ಉರಿಸುತ್ತಿದ್ದವಳು ಅವ್ವ. ಬಲಗಲ್ಲ ಉಬ್ಬಿತು. ಎಡಗಲ್ಲ ಉಬ್ಬಲೇ ಇಲ್ಲ. ಗಾಜಿನ ಈಚೆ ನಿಂತಿದ್ದ ನನಗೆ ಚಿತ್ರ ಬರುವ ಮೊದಲೇ ಗೊತ್ತಾಯಿತು.

ಗಲ್ಲದ ಮಾಂಸದಿಂದ ಒಸಡಿಗೆ, ಒಸಡಿನಿಂದ ಮೂಳೆಗೆ ಅದು ಇಳಿದ ದಾರಿ ಸ್ಪಷ್ಟವಾಗಿತ್ತು. ನನ್ನ ಚಿತ್ರದಲ್ಲಿ ಚೊಕ್ಕಟವಾಗಿದ್ದ ಮೂಳೆಯ ಅಂಚು ಈಗ ಇಲಿ ಕಡಿದ ರೊಟ್ಟಿಯ ಹಾಗಿತ್ತು. ಎರಡು ಮಿಷನ್ನೂ ಸುಳ್ಳು ಹೇಳಿರಲಿಲ್ಲ, ಹೇಳಿದವಳು ನಾನು.

ಎಡದವಡೆ ತೆಗೆಯುವ ಆಪರೇಷನ್ನಿಗೆ ಮುಂಚೆ ಅವ್ವ ನನಗೇ ಧೈರ್ಯ ಹೇಳಿದಳು. "ಅಳ್ಬ್ಯಾಡ ಬುಡವ್ವ. ಮುದ್ದೆ ನುಂಗಕ್ಕೆ ಅಲ್ಯಾಕ್ ಬೇಕು?" ಈಗ ಮುದ್ದೆಯೂ ಇಳಿಯುವುದಿಲ್ಲ, ಅಂಬಲಿ ಮಾಡಿ ಕುಡಿಸುತ್ತೇನೆ.

ನೋಡಲು ಬಂದವರಿಗೆಲ್ಲ, ಒಂದು ಕಡೆ ಕುಸಿದ ಬಾಯಿಂದ ತೊದಲುತ್ತಾ ಅವಳು ಹೇಳುವುದು ಒಂದೇ ಮಾತು: "ನನ್ ಮಗ್ಳೇ ಮೊದ್ಲು ಮಿಷನ್ಗಾಕಿ ನೋಡಿದ್ದು. ಅವ್ಳಿಲ್ದಿದ್ರೆ ನಾನ್ ಉಳೀತಿರ್ಲಿಲ್ಲ." ಬಂದವರು ನನ್ನನ್ನು ಮೆಚ್ಚಿ ನೋಡುತ್ತಾರೆ. ನಾನು ಅಂಬಲಿಯ ಲೋಟ ತೊಳೆಯಲು ಎದ್ದು ಹೋಗುತ್ತೇನೆ.