ಅಪ್ಪ ಬಿಡಿಸಿದ ಪದ

ಅಮ್ಮನ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ಗೊತ್ತಾದ ಮೇಲೆ ಅಪ್ಪ ಮತ್ತು ನಾನು ಅವಳನ್ನು ಯಲ್ದೂರಿನಿಂದ ಕೋಲಾರದ ಒಂದು ಆಸ್ಪತ್ರೆಗೆ ಕರೆದುಕೊಂಡು ಓಡಾಡುತ್ತಿದ್ದೆವು. ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರು ಸ್ಕ್ಯಾನ್ ನೋಡಿ, "ಆಪರೇಷನ್ ಬೇಡ. ಉಪಶಮನ ಚಿಕಿತ್ಸೆ ಸಾಕು, ಮನೇಲೇ ಇಟ್ಕೊಳ್ಳಿ" ಎಂದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಮಾತಾಡುತ್ತಲೇ ನಮಗೆ ಬಾಗಿಲು ತೋರಿಸಿದರು.

ಆ ಪದವನ್ನು ನಾವು ಹಿಂದೆ ಕೇಳಿರಲಿಲ್ಲ. ಅಪ್ಪ ಪಂಚಾಯಿತಿ ಉಪಾಧ್ಯಕ್ಷರಾಗಿದ್ದವರು. ಬಸ್ಸಿನಲ್ಲಿ ಕೂತು ಅದನ್ನು ಬಿಡಿಸಿದರು.

"ಉಪ ಅಂದ್ರೆ ಚಿಕ್ಕದು ಕಣೇ. ದೊಡ್ಡ ಕಾಯಿಲೆಗೆ ದೊಡ್ಡ ಚಿಕಿತ್ಸೆ. ಇವಳಿಗೆ ಚಿಕ್ಕದೇ ಸಾಕಂತೆ."

"ಶಮನ ಅಂದ್ರೆ ವಾಸಿಯಾಗೋದೇ ಅಲ್ವಾ ಅಪ್ಪ?" ಎಂದೆ. ರೋಗ ಶಮನವಾಗಲಿ ಎಂದು ಪೂಜೆಯಲ್ಲಿ ಸಂಕಲ್ಪ ಮಾಡಿಸುವುದನ್ನು ಕೇಳಿದ್ದೆ.

ಎಷ್ಟೋ ದಿನದಿಂದ ಅನ್ನ ಬೇಡವೆನ್ನುತ್ತಿದ್ದ ಅಮ್ಮ, ಮನೆಗೆ ಹೋದ ಮೇಲೆ ಸಾರನ್ನ ತಿಂತೀನಿ ಎಂದಳು.

ನಂಗಲಿಯಲ್ಲಿರುವ ಚಿಕ್ಕಮ್ಮ, ಅಮ್ಮನ ಒಬ್ಬಳೇ ತಂಗಿ, ನೋಡೋಕೆ ಬರ್ತೀನಿ ಎಂದು ಫೋನ್ ಮಾಡಿದಳು. "ಗಾಬರಿ ಏನಿಲ್ಲಮ್ಮ. ಮಾವಿನಕಾಯಿ ಕೀಳೋದು ಮುಗಿಸ್ಕೊಂಡು ನಿಧಾನವಾಗಿ ಬಾ" ಎಂದರು ಅಪ್ಪ.

ಕಾಯಿ ಇನ್ನೂ ಮರದಲ್ಲಿರುವಾಗಲೇ ಅಮ್ಮನ ಕಣ್ಣು ಹಳದಿಯಾಯಿತು, ಮಾತು ತೊದಲಿತು. ಮತ್ತೆ ಕೋಲಾರಕ್ಕೆ ಹೊತ್ತೊಯ್ದೆವು. ಡಾಕ್ಟರಿಗೆ ಸಿಟ್ಟು ಬಂತು.

"ಇದು ವಾಸಿಯಾಗಲ್ಲ, ನೋವು ಕಡಿಮೆ ಮಾಡಬಹುದು ಅಷ್ಟೇ ಅಂತ ಹೋದ ಸಲವೇ ಹೇಳಿದ್ನಲ್ಲ? ಯಾಕೆ ಮತ್ತೆ ಎಳ್ಕೊಂಡು ಬಂದ್ರಿ?"

"ಹಂಗೆ ಹೇಳ್ಲಿಲ್ಲ ಸ್ವಾಮಿ" ಎಂದರು ಅಪ್ಪ.

"ಕನ್ನಡದಲ್ಲೇ ಹೇಳಿದ್ದೀನಿ."

ಇಷ್ಟು ಸರಳವಾದ ಮಾತುಗಳೂ ಅವರ ಬಳಿ ಇದ್ದವು ಎಂದು ನನಗೆ ಅವತ್ತೇ ಗೊತ್ತಾದದ್ದು.

ಚಿಕ್ಕಮ್ಮ ಓಡಿ ಬಂದಾಗ ಅಮ್ಮನಿಗೆ ಗುರುತು ಹತ್ತಲಿಲ್ಲ. "ನೇನು ವಚ್ಚಾನಕ್ಕಾ, ನಾನು ಬಂದಿದೀನಿ, ನೋಡಕ್ಕಾ" ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಕರೆದಳು. ಅಮ್ಮ ಗೋಡೆ ನೋಡುತ್ತಿದ್ದಳು. ಚಿಕ್ಕಮ್ಮ ಅಪ್ಪನ ಕಡೆ ತಿರುಗಿ, "ಅಕ್ಕ ಮಾತಾಡ್ತಾ ಇದ್ದಾಗ ಬರಬೇಡ ಅಂದ್ರಲ್ಲ ಬಾವಾ" ಎಂದಳು. ಅಪ್ಪ ಆ ಪದ ಹೇಳಿ, ತಾವು ಅದನ್ನು ಹೇಗೆ ಅರ್ಥ ಮಾಡಿಕೊಂಡೆವೆಂದು ವಿವರಿಸಲು ಹೊರಟರು. ಅವಳು ಅರ್ಧದಲ್ಲೇ ಎದ್ದು ಹೊರಗೆ ಹೋದಳು.

ಅದೇ ವಾರ ಅಮ್ಮ ತೀರಿಕೊಂಡಳು. ತಿಥಿಗೆ ಬಂದ ಚಿಕ್ಕಮ್ಮ ನಮ್ಮ ಮನೆಯ ನೀರನ್ನೂ ಮುಟ್ಟಲಿಲ್ಲ. ಅಪ್ಪನ ತಪ್ಪಲ್ಲ ಚಿಕ್ಕಮ್ಮ ಎಂದು ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಹೇಳಿದ್ದೇನೆ.

"ಗೊತ್ತು ಕಣೇ" ಅನ್ನುತ್ತಾಳೆ. ಬರುವುದಿಲ್ಲ.